ಅಪ್ಪನಿಗೆ ಬೇಡ ಅನ್ನುವುದು

ಲೀಟಿಯಾ ತನ್ನ ತಂಗಿಯ ಮಗನನ್ನು ಅಪ್ಪಾ ಎಂದೇ ಕರೆಯುತ್ತಿದ್ದಳು. ಅವಳಿಗೆ ಅರವತ್ತೇಳು, ಅವನಿಗೆ ಮೂವತ್ತನಾಲ್ಕು. ಅವಳ ಅಪ್ಪ ತೀರಿಕೊಂಡ ಚಳಿಗಾಲದಲ್ಲೇ ಹುಟ್ಟಿದವನಾದ್ದರಿಂದ ಜೇಪೀಟಿ ಎಂಬ ಅಪ್ಪನ ಹೆಸರು ಅವನಿಗೆ ಬಂತು, ಹೆಸರಿನ ಜೊತೆಗೆ ಅಪ್ಪನೂ ಬಂದ. ಉತ್ತರ ಧ್ರುವದ ಕಡೆಯ ಸಪುಟಿಕ್ ಊರಿನಲ್ಲಿ ಇದು ತಮಾಷೆಯ ಮಾತಲ್ಲ. ಮೂಗು ಸುರಿಸಿಕೊಂಡು ಓಡಾಡುವ ವಯಸ್ಸಿನಲ್ಲೇ ಅವನು "ಮಗಳೇ, ಹಸಿವು" ಎನ್ನುತ್ತಿದ್ದ. ಅವಳು ಮೀನಿನ ಒಳ್ಳೆಯ ತುಂಡನ್ನು ಅವನಿಗೇ ಎತ್ತಿಡುತ್ತಿದ್ದಳು. ತಂಗಿ ಸತ್ತ ಮೇಲೆ ಅವನನ್ನು ಸಾಕಿದವಳೂ ಅವಳೇ. ಸಾಕಿದ್ದು ನಿಜ, ಆದರೆ ಒಂದು ದಿನವೂ ಗದರಿದವಳಲ್ಲ. ಹೆತ್ತ ಅಪ್ಪನನ್ನು ಯಾರು ಗದರುತ್ತಾರೆ?

ಅಪ್ಪನನ್ನೇ ಅಂತಲ್ಲ, ಬೆಳೆದ ಯಾರಿಗೂ ಅಲ್ಲಿ ಹೀಗೆ ಮಾಡು, ಹಾಗೆ ಮಾಡಬೇಡ ಎಂದು ಮುಖಕ್ಕೆ ಹೊಡೆದಂತೆ ಹೇಳುವುದಿಲ್ಲ. ಹೇಳಿದರೆ ನಿನಗೆ ಬುದ್ಧಿಯಿಲ್ಲ ಎಂದು ಅವಮಾನ ಮಾಡಿದಂತೆ. ಹೇಳಲೇಬೇಕಾದಾಗ ಹಳೆಯದೊಂದು ಪ್ರಸಂಗ ತೆಗೆಯುತ್ತಾರೆ. ಕೇಳಿದವನು ಚಹಾ ಕುಡಿದು ಎದ್ದು ಹೋಗಿ, ಮನಸ್ಸಿನಲ್ಲೇ ತೂಗಿ ನೋಡಿ, ತನ್ನ ತೀರ್ಮಾನ ತಾನೇ ಮಾಡಿಕೊಳ್ಳುತ್ತಾನೆ. ಆ ಊರು ಹೀಗೆಯೇ ಸಾವಿರ ವರ್ಷ ಮಂಜುಗಡ್ಡೆಯ ಮೇಲೆ ಬದುಕಿತ್ತು. ಆದರೆ ಮಂಜುಗಡ್ಡೆ ಆಗ ಮಂಜುಗಡ್ಡೆಯಾಗಿಯೇ ಇತ್ತಲ್ಲ.

ಹೆಪ್ಪುಗಟ್ಟಿದ ಕಡಲ ಮೇಲಿನ ಮಂಜುಗಡ್ಡೆ ಗಟ್ಟಿಯಿದೆಯೇ ಎಂದು ಊರಿಗೆ ನೋಡಿ ಹೇಳುವವಳು ಲೀಟಿಯಾ. ಗಂಡ ಬಿಟ್ಟುಹೋದ ಈಟಿಯಿಂದ ಕುಟ್ಟಿ, ಸದ್ದು ಕೇಳಿ, ಬಣ್ಣ ನೋಡಿ ಹೇಳುತ್ತಿದ್ದಳು. ನಾಲ್ಕು ವರ್ಷಗಳ ಹಿಂದೆ ಸರ್ಕಾರದ ಒಂದು ಯೋಜನೆಯವರು ಅವಳ ಕೈಗೆ ಯಂತ್ರವೊಂದನ್ನೂ ಕೊಟ್ಟಿದ್ದರು. ಜಾರುಬಂಡಿಗೆ ಕಟ್ಟಿಕೊಂಡು ಎಳೆದರೆ ಅದು ಕೆಳಗಿನ ದಪ್ಪವನ್ನು ಅಳೆದು ಹಸಿರು, ಹಳದಿ, ಕೆಂಪು ತೋರಿಸುತ್ತದೆ. ಅವಳಿಗೆ ಅದರ ಮೇಲೆ ಸಿಟ್ಟೇನಿರಲಿಲ್ಲ. ನಿನ್ನೆಯ ದಪ್ಪವನ್ನು ಸರಿಯಾಗಿಯೇ ಹೇಳುತ್ತಿತ್ತು ಪಾಪ. ಈಗ ಜಲಸಂಧಿಯ ಬಾಯಲ್ಲಿ ನೀರಿನ ಸೆಳೆತ ಬದಲಾಗಿತ್ತು. ಮೇಲೆ ಬಿದ್ದ ಹಿಮ ಕಂಬಳಿ ಹೊದಿಸಿದಂತೆ ಬೆಚ್ಚಗಿಟ್ಟರೆ, ಕೆಳಗಿನಿಂದ ನೀರು ಒಂದೇ ರಾತ್ರಿಯಲ್ಲಿ ಮೊಳ ದಪ್ಪದ ಮಂಜುಗಡ್ಡೆಯನ್ನು ನೆಕ್ಕಿಹಾಕುತ್ತಿತ್ತು. ಅದೂ ಚಳಿ ಕೊರೆಯುವ ಫೆಬ್ರವರಿಯಲ್ಲಿ.

ಆ ಫೆಬ್ರವರಿಯಲ್ಲೇ ದಕ್ಷಿಣದಿಂದ ಸಂಸತ್ತಿನ ಸಮಿತಿ ಬಂತು. ಹವಾಮಾನದ ಹೊಸ ಮಸೂದೆಯೊಂದಿತ್ತು, ಅದಕ್ಕೆ ಮುಂಚೆ ಕಣ್ಣಾರೆ ನೋಡಿ ಬರಬೇಕೆಂದು ಐದು ಜನ ಹೊರಟಿದ್ದರು. ಮೂವರು ಮಸೂದೆಯ ಪರ. ಇಬ್ಬರು, ಮಂಜು ಹಿಂದಿನಿಂದಲೂ ಕರಗುತ್ತದೆ ಹೆಪ್ಪುಗಟ್ಟುತ್ತದೆ, ಇಂಧನದ ಮೇಲಿನ ತೆರಿಗೆ ತೆಗೆದರೆ ಸಾಕು ಎನ್ನುವವರು. ಐವರೂ ಬಾಡಿಗೆಗೆ ತಂದ ಒಂದೇ ಬಣ್ಣದ ಕೆಂಪು ಕೋಟು ಹಾಕಿಕೊಂಡಿದ್ದರಿಂದ ಊರಿನವರಿಗೆ ಯಾರು ಯಾವ ಕಡೆ ಎಂದು ಕೊನೆಯವರೆಗೂ ಗೊತ್ತಾಗಲಿಲ್ಲ.

ಅವರಿಗೆ ಮಂಜುಗಡ್ಡೆ ಮುಗಿದು ನೀರು ತೆರೆಯುವ ಅಂಚನ್ನು ನೋಡಬೇಕಿತ್ತು, ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕಿತ್ತು. ದಾರಿ ತೋರಿಸಲು ಜೇಪೀಟಿ ಒಪ್ಪಿಕೊಂಡ. ಅವರು ಬರುವ ವಾರವೆಲ್ಲ ಅವನು ಹುರುಪಿನಲ್ಲಿದ್ದ. ಒಮ್ಮೆ ನೋಡಿದರೆ ಆ ಇಬ್ಬರೂ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ಅಂಗಡಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದ.

ಹೊರಡುವ ಹಿಂದಿನ ಮಧ್ಯಾಹ್ನ ಲೀಟಿಯಾ ದಡದಲ್ಲಿ ನಿಂತು ನೋಡಿದಳು. ಜಲಸಂಧಿಯ ಬಾಯ ಮೇಲೆ ಮೋಡದ ಹೊಟ್ಟೆ ಕಪ್ಪಾಗಿತ್ತು. ಕೆಳಗೆ ನೀರು ತೆರೆದಿದ್ದರೆ ಮಾತ್ರ ಮೋಡಕ್ಕೆ ಆ ಕಪ್ಪು ಬರುತ್ತದೆ. ಯಂತ್ರ ಬೆಳಿಗ್ಗೆ ಅದೇ ದಾರಿಗೆ ಹಸಿರು ತೋರಿಸಿತ್ತು.

ಅವನು ಚಹಾಕ್ಕೆ ಬಂದಾಗ ಅವಳು ಸೀಲ್ ಮಾಂಸದ ಸಾರು ಬಡಿಸಿ, ಪಕ್ಕದಲ್ಲಿ ಕೂತಳು.

"ಅಪ್ಪಾ, ನಂಗೆ ಏಳೋ ಎಂಟೋ ವರ್ಷ ಇದ್ದಾಗ ನೀನು ಬೆಳಿಗ್ಗೆ ಎದ್ದು ನಾಯಿಗಳನ್ನೆಲ್ಲ ಬಂಡಿಗೆ ಕಟ್ದೆ. ಹೊರಡಬೇಕು, ಮೋಡ ನೋಡ್ದೆ. ಒಂದೊಂದೇ ನಾಯೀನ ಬಿಚ್ದೆ. ಅವತ್ತು ದಿನ ಪೂರ್ತಿ ಮನೇಲಿ ಕೂತು ಬಲೆ ಹೊಲಿದೆ. ನಾವ್ಯಾರೂ ಯಾಕೆ ಅಂತ ಕೇಳ್ಲಿಲ್ಲ."

ಅವನು ಹುಬ್ಬೇರಿಸಿದ. ಆ ಊರಲ್ಲಿ ಅದು ಹೂಂ ಎಂದ ಹಾಗೆ. "ಬಲೆ ಚೆನ್ನಾಗಿ ಹೊಲಿದಿದ್ನಾ ಮಗಳೇ?" ಎಂದು ನಕ್ಕ.

"ಎಲ್ಲಿ ಚೆನ್ನಾಗಿ? ಮೀನೆಲ್ಲ ನುಸುಳಿ ಹೋದ್ವು."

ಇಬ್ಬರೂ ನಕ್ಕರು. ಅವನು ಬಟ್ಟಲು ಕೆಳಗಿಟ್ಟು ಎದ್ದು ಹೋದ. ಅವಳಿಗೆ ಸಮಾಧಾನವಾಯಿತು.

ಮಾರನೆಯ ದಿನ ಹತ್ತು ಗಂಟೆಗೆ ಹಿಮಗಾಡಿಗಳು ಹೊರಟ ಸದ್ದು ಕೇಳಿ ಅವಳು ಬಾಗಿಲಿಗೆ ಓಡಿಬಂದಳು. ಅವನು ಎಲ್ಲರಿಗಿಂತ ಮುಂದಿದ್ದ. ಕೂಗಿದ್ದರೆ ಕೇಳಿಸುತ್ತಿತ್ತು. ಬಾಯಿ ತೆರೆದಳು. ಊರಿನ ಮುಂದೆ, ಅತಿಥಿಗಳ ಮುಂದೆ, ಅಪ್ಪನಿಗೆ ಬೇಡ ಎನ್ನಲು ನಾಲಿಗೆ ಏಳಲಿಲ್ಲ.

ಉಳಿದ ಗಾಡಿಗಳನ್ನು ಅವನು ಬಹಳ ದೂರದಲ್ಲಿ ನಿಲ್ಲಿಸಿ ಒಬ್ಬನೇ ಮುಂದೆ ಹೋದನಂತೆ. ಈಟಿ ಹಿಡಿದು ನಾಲ್ಕು ಕಡೆ ಇಳಿದು ಕುಟ್ಟಿದನಂತೆ, ಮತ್ತೆ ಹತ್ತಿ ಹೋದನಂತೆ. ಗಾಡಿ ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ. ಕೆಂಪು ಕೋಟಿನವರಲ್ಲಿ ಒಬ್ಬಳು ಅದೇ ಹೊತ್ತಿಗೆ ವೀಡಿಯೊ ಮಾಡುತ್ತಿದ್ದಳು. ಅವನನ್ನು ನೀರಿನಿಂದ ಎತ್ತಿ ತರಲು ಊರಿನವರಿಗೆ ಮೂರು ದಿನ ಹಿಡಿಯಿತು.

ಸಾವಿನ ವಿಚಾರಣೆ ಏಪ್ರಿಲ್‌ನಲ್ಲಿ, ಶಾಲೆಯ ಆಟದ ಕೋಣೆಯಲ್ಲಿ ನಡೆಯಿತು. ದಕ್ಷಿಣದಿಂದ ಬಂದ ಅಧಿಕಾರಿ ಒಳ್ಳೆಯ ಹೆಂಗಸೇ. ದನಿ ತಗ್ಗಿಸಿ ಮಾತಾಡುತ್ತಿದ್ದಳು. ಎಚ್ಚರಿಕೆ ಕೊಟ್ಟಿದ್ದಿರಾ ಎಂದು ದುಭಾಷಿಯ ಮೂಲಕ ಕೇಳಿದಳು. ಕೊಟ್ಟಿದ್ದೆ ಎಂದಳು ಲೀಟಿಯಾ. ಯಾವ ಮಾತಿನಲ್ಲಿ ಎಂದು ಕೇಳಿದಾಗ ನಾಯಿ ಬಿಚ್ಚಿದ್ದನ್ನೂ ಬಲೆ ಹೊಲಿದದ್ದನ್ನೂ ಹೇಳಿದಳು. ಅಧಿಕಾರಿ ಪೆನ್ನು ಹಿಡಿದು ಮುಂದಿನದಕ್ಕೆ ಕಾಯುತ್ತಲೇ ಇದ್ದಳು. ದುಭಾಷಿ ಊರಿನವನೇ, ತಲೆ ತಗ್ಗಿಸಿಕೊಂಡ.

"ಹೋಗಬೇಡ ಅಂತ ನೇರವಾಗಿ ಹೇಳಿದ್ರಾ ಅಮ್ಮಾ? ಹೌದು ಇಲ್ಲ ಅಂದ್ರೆ ಸಾಕು."

"ಇಲ್ಲ."

ಅಧಿಕಾರಿ ಅದನ್ನು ಬರೆದುಕೊಂಡಳು. ಸ್ಥಳೀಯವಾಗಿ ಯಾವ ಎಚ್ಚರಿಕೆಯೂ ಇರಲಿಲ್ಲ ಎಂದು ಕಡತಕ್ಕೆ ಹೋಯಿತು. ಮಸೂದೆ ಇನ್ನೊಂದು ಸಮಿತಿಗೆ ಹೋಯಿತು. ಪರವಿದ್ದವರು ಜೇಪೀಟಿಯ ಫೋಟೋ ಎತ್ತಿ ತೋರಿಸಿದರು, ವಿರೋಧವಿದ್ದವರು ಅದು ರಸ್ತೆ ಅಪಘಾತದಂಥದ್ದೇ ಎಂದರು.

ಹೊರಗೆ ಬರುತ್ತಿದ್ದಂತೆ ಜೇಪೀಟಿಯ ಹೆಂಡತಿ ಊಲೂಟಾ ಅವಳ ತೋಳು ಹಿಡಿದುಕೊಂಡಳು. ಎರಡು ತಿಂಗಳಿಂದ ಆ ಹುಡುಗಿ ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ.

"ಅವನಿಗೆ ಅರ್ಥ ಆಗಿತ್ತು ಅತ್ತೆ. ಮಗಳು ಬೇಡ ಅಂದ್ಲು ಅಂತ ಮನೆಗೆ ಬಂದು ಹೇಳ್ದ."

"ಮತ್ತೆ ಯಾಕೆ ಹೋದ?"

"ರಾತ್ರಿ ಊಟದ ಹೊತ್ತಿಗೆ ಆ ಕೆಂಪು ಕೋಟಿನವರಿಗೂ ಹೇಳಿದ್ದ. ಅದೇ, ನಾಯಿ ಬಿಚ್ಚಿದ ಮಾತು. ಇಂಗ್ಲಿಷಲ್ಲಿ ಪೂರ್ತಿ ಹೇಳ್ದ."

"ಏನಂದ್ರು?"

"ಚಪ್ಪಾಳೆ ತಟ್ಟಿದ್ರು. ಇನ್ನೊಂದು ಕಥೆ ಹೇಳು ಅಂದ್ರು."

ಲೀಟಿಯಾ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವನು ಇನ್ನೇನು ಮಾಡಬಹುದಿತ್ತು? ಹೇಳಬೇಕಾದ ರೀತಿಯಲ್ಲಿ ಹೇಳಿದ್ದ. ಕೇಳಿಯೂ ಅವರು ಹೋಗುವ ತೀರ್ಮಾನ ಮಾಡಿಯಾಯಿತು ಎಂದುಕೊಂಡಿದ್ದ. ಬೆಳೆದವರ ತೀರ್ಮಾನವನ್ನು ಮುರಿಯುವುದು ಹೇಗೆ? ಅದಕ್ಕೇ ಅವರಿಗಿಂತ ಮುಂದೆ ಹೋಗಿ ಕುಟ್ಟಿ ನೋಡಿದ. ಅವಳು ಅವನಿಗೆ ಕೊಟ್ಟದ್ದೂ ಅದೇ, ತೂಗಿ ನೋಡುವ ಸ್ವಾತಂತ್ರ್ಯ. ಅವಳು ಅಂದು ಬಾಗಿಲಲ್ಲಿ ಕೂಗಿದ್ದರೆ ಅವನು ನಾಚಿಕೆಯಿಂದಲಾದರೂ ನಿಲ್ಲುತ್ತಿದ್ದ. ಅವಮಾನವನ್ನು ಯಾರಾದರೂ ಹೇಗೋ ನುಂಗಿಕೊಂಡು ಬದುಕುತ್ತಾರೆ. ಇದು ಅವಳಿಗೆ ಆ ಮೆಟ್ಟಿಲ ಮೇಲೆ ತಿಳಿಯಿತು.

ಮುಂದಿನ ಡಿಸೆಂಬರ್‌ನಲ್ಲಿ ಊಲೂಟಾಳ ಅಣ್ಣ ನೌಡ್ಲಾಕ್ ಬೇಟೆಗೆಂದು ಅದೇ ದಾರಿಗೆ ಹೊರಡಲು ಹಿಮಗಾಡಿಗೆ ಬಂಡಿ ಕಟ್ಟಿದ. ನಲವತ್ತೈದು ದಾಟಿದವನು, ಊರಿನಲ್ಲಿ ಹೆಸರಿದ್ದವನು. ಲೀಟಿಯಾ ದಡಕ್ಕೆ ಇಳಿದು ಹೋಗಿ ಅವನ ಗಾಡಿಯ ಹಿಡಿಯ ಮೇಲೆ ಕೈಯಿಟ್ಟಳು. ಸುತ್ತ ಏಳೆಂಟು ಜನ ಇದ್ದರು.

"ಹೋಗ್ಬೇಡ."

ನೌಡ್ಲಾಕ್‌ನ ಮುಖ ಕೆಂಪಾಯಿತು. ಅವಳ ಕೈಯನ್ನೇ ನೋಡುತ್ತ ಗಾಡಿಯ ಎಂಜಿನ್ ನಿಲ್ಲಿಸಿ, ಬಂಡಿಯಿಂದ ಸಾಮಾನು ಇಳಿಸತೊಡಗಿದ.

ಅಂದಿನಿಂದ ಅವನು ಅವಳ ಮನೆಗೆ ಚಹಾಕ್ಕೆ ಬಂದಿಲ್ಲ. ಅಂಗಡಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾನೆ. ಬೇರೆಯವರೂ ಬರುವುದು ಕಡಿಮೆಯಾಗಿದೆ. ಅವಳು ಬೆಳಿಗ್ಗೆ ಎದ್ದು ದಡಕ್ಕೆ ಹೋಗುತ್ತಾಳೆ, ಮೋಡ ನೋಡುತ್ತಾಳೆ, ಕಪ್ಪು ಕಂಡರೆ ಹೊರಟವರ ಗಾಡಿಗೆ ಅಡ್ಡ ನಿಲ್ಲುತ್ತಾಳೆ.