ನೂರಕ್ಕೆ ಮೂರು

ಇನ್ನೂ ಎರಡು ಬೇಕಿತ್ತು.

ತಿಂಗಳ ಕೊನೆಯ ದಿನ, ಮಧ್ಯಾಹ್ನ ಮೂರೂವರೆ. ಪರದೆಯ ಮೇಲೆ ಎದೆಯ ಎಕ್ಸ್‌ರೇ ಫೋಟೋಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಪ್ರತಿಯೊಂದರ ಕೆಳಗೆ ಯಂತ್ರದ ತೀರ್ಪು. ಅದರ ಕೆಳಗೆ ಅವನಿಗೆಂದು ಎರಡು ಚೌಕ. ಒಪ್ಪಿದೆ, ಒಪ್ಪಿಲ್ಲ. ಅವನು ಒಪ್ಪುತ್ತಾ ಹೋಗುತ್ತಿದ್ದ. ಬೆಳಿಗ್ಗೆ ಮನೆಯಲ್ಲೂ ಅಷ್ಟೇ ಆಗಿತ್ತು. ಮಗಳನ್ನು ಹಾಸ್ಟೆಲಿಗೆ ಸೇರಿಸೋಣವಾ ಅಂತ ಹೆಂಡತಿ ಕೇಳಿದಾಗ ತಟ್ಟೆಯಿಂದ ತಲೆ ಎತ್ತದೆ ‘ಸರಿ’ ಅಂದಿದ್ದ. ಬೇಡ್ವಾ ಹಾಗಾದ್ರೆ ಅಂದದ್ದಕ್ಕೂ ‘ಸರಿ’ ಅಂದಿದ್ದ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು. ಅದರಲ್ಲಿ ಇನ್ನೂ ಅರ್ಧ ತಿಂಡಿ ಇತ್ತು.

ಬಾಗಿಲ ಸಂದಿಯಲ್ಲಿ ಮೇಲ್ವಿಚಾರಕಿಯ ತಲೆ ಕಾಣಿಸಿತು.

“ನಿಮ್ದು ಎರಡು ಕಮ್ಮಿ ಇದೆ ಡಾಕ್ಟ್ರೇ.”

“ಗೊತ್ತು ಮೇಡಂ.”

“ಐದಕ್ಕೆ ಪಟ್ಟಿ ಹೋಗುತ್ತೆ. ಆಮೇಲೆ ನನ್ನ ಕೇಳ್ಬೇಡಿ.”

“ಕೇಳಲ್ಲ.”

ತಲೆ ಹೋಯಿತು.

ಕಾನೂನಿನ ಪ್ರಕಾರ ಕೊನೆಯ ಮಾತು ಮನುಷ್ಯನದು. ಆ ಮನುಷ್ಯ ಬರೀ ಹೆಬ್ಬೆಟ್ಟು ಒತ್ತುತ್ತಾ ಕೂತಿಲ್ಲ ಅಂತ ಗೊತ್ತಾಗುವುದು ಹೇಗೆ? ಅದಕ್ಕೊಂದು ನಿಯಮ. ನೂರು ಫೋಟೋಗಳಲ್ಲಿ ಮೂರರಲ್ಲಾದರೂ ಅವನು ಯಂತ್ರದ ಮಾತನ್ನು ಒಪ್ಪಬಾರದು. ಕಡಿಮೆಯಾದರೆ ತೂಕಡಿಸುತ್ತಿದ್ದಾನೆ ಅಂತ ಅರ್ಥ. ಆದರೆ ಆ ಹಾಳು ಯಂತ್ರ ನೂರಕ್ಕೆ ಮೂರು ಸಲ ತಪ್ಪುತ್ತಿರಲಿಲ್ಲ. ಸಾವಿರಕ್ಕೆ ಒಂದು ಸಲ ತಪ್ಪಿದರೆ ಹೆಚ್ಚು. ಏನು ಮಾಡುವುದು? ಯಾರೂ ಯಾರಿಗೂ ಹೇಳಿಕೊಡದೆಯೇ ಇಡೀ ವಿಭಾಗ ಒಂದೇ ದಾರಿ ಹಿಡಿದಿತ್ತು. ಕಡಿಮೆ ಬಿದ್ದದ್ದನ್ನು ಕೊನೆಯ ದಿನ ತುಂಬಿಸಿಬಿಡುವುದು.

ಹೆಚ್ಚಾಗಿ, ಯಂತ್ರ ‘ಏನೂ ಇಲ್ಲ’ ಅಂದವರನ್ನು ಅವನು ಮತ್ತೆ ಕರೆಸುತ್ತಿದ್ದ. ಪಾಪ, ಅವರಿಗೆ ಅರ್ಧ ದಿನ ಹಾಳು, ಅಷ್ಟೇ. ಆದರೆ ಎಲ್ಲ ಒಂದೇ ಕಡೆ ವಾಲಿದರೆ ತಪಾಸಣೆಯವರಿಗೆ ಅನುಮಾನ ಬರುತ್ತದೆ. ಹಾಗಾಗಿ ಆಗೊಮ್ಮೆ ಈಗೊಮ್ಮೆ, ಯಂತ್ರ ‘ಮತ್ತೆ ಕರೆಸಿ’ ಅಂದ ಕಡೆ ‘ಅಗತ್ಯವಿಲ್ಲ’ ಅಂತಲೂ ಒತ್ತಬೇಕಾಗುತ್ತಿತ್ತು. ಅದಕ್ಕೆ ಚಿಕ್ಕ ಚಿಕ್ಕ ಕಲೆಗಳನ್ನು ಆರಿಸಿಕೊಳ್ಳುತ್ತಿದ್ದ. ಅಷ್ಟರ ಮಟ್ಟಿಗೆ ಅವನು ಒಳ್ಳೆಯವನೇ.

ನಗು ಬರುವ ಸಂಗತಿಯೆಂದರೆ, ಈ ಕಾನೂನಿಗಾಗಿ ಹೋರಾಡಿದವರಲ್ಲಿ ಅವನೂ ಒಬ್ಬ. ಹನ್ನೆರಡು ವರ್ಷದ ಹಿಂದೆ ಇದೇ ಆಸ್ಪತ್ರೆಯ ಗೇಟಿನ ಮುಂದೆ ಕಪ್ಪುಪಟ್ಟಿ ಕಟ್ಟಿಕೊಂಡು ಎರಡು ದಿನ ಕೂತಿದ್ದ. ಕೊನೆಯ ಮಾತು ಮನುಷ್ಯನದೇ ಅಂತ ಗಂಟಲು ಹರಿಯುವ ಹಾಗೆ ಕೂಗಿದ್ದ. ಗೆದ್ದರು. ಗೆದ್ದದ್ದಕ್ಕೆ ಸಿಕ್ಕಿದ್ದು ಈ ಕುರ್ಚಿ.

ಮೇಜಿನ ಬಲಬದಿಯ ಗಾಜಿನ ಹಲಗೆ ಹಸಿರಾಗಿ ಮಿನುಗಿತು. ಅವನು ಬಲಗೈಯ ಅಂಗೈ ಊರಿದ. ಹತ್ತು ನಿಮಿಷಕ್ಕೊಮ್ಮೆ ಹೀಗೆ ಊರಬೇಕು. ಊರಿದರೆ ಕುರ್ಚಿಯಲ್ಲಿ ಮನುಷ್ಯನಿದ್ದಾನೆ ಅಂತ ಯಂತ್ರಕ್ಕೆ ಖಾತ್ರಿಯಾಗುತ್ತದೆ. ಎಡಗೈಯ ಗುರುತು ಅದಕ್ಕಿಲ್ಲ. ಮಿನುಗು ನಿಂತಿತು.

“ಒಳಗೆ ಬರ್ಲಾ ಸಾರ್?” ಅಂತ ಕೇಳುವಷ್ಟರಲ್ಲಿ ಒಬ್ಬ ಹೆಂಗಸು ಒಳಗೇ ಬಂದಿದ್ದಳು. ಐವತ್ತರ ಆಸುಪಾಸು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ತೆಗೆದಿಡಲು ಮರೆತಿದ್ದಳೇನೋ. ಈ ಕೋಣೆಗೆ ರೋಗಿಗಳು ಬರುವ ಪದ್ಧತಿಯೇ ಇಲ್ಲ. ಅವನು ಗಾಬರಿಯಿಂದ ಎದ್ದು ನಿಂತ.

“ಕೂತ್ಕೊಳ್ಳಿ ಸಾರ್, ಕೂತ್ಕೊಳ್ಳಿ. ಕಾಗದದಲ್ಲಿ ಕೋಣೆ ನಂಬರ್ ಇತ್ತು. ನೋಡಿ ಹೋಗೋಣ ಅಂತ ಬಂದೆ. ಬೇರೆ ಏನಿಲ್ಲ.”

“ಏನಾಗ್ಬೇಕಿತ್ತು?”

“ಏನೂ ಇಲ್ಲಪ್ಪ. ಥ್ಯಾಂಕ್ಸ್ ಹೇಳೋಣ ಅಂತ.” ಮಡಿಕೆಗಳಲ್ಲಿ ಹರಿಯತೊಡಗಿದ್ದ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟಳು. “ಮಿಷನ್ನು ಹೆದರಿಸಿಬಿಟ್ಟಿತ್ತು ಸಾರ್, ಮತ್ತೆ ಬಾ ಅಂತ. ನೀವು ನೋಡಿ ಬೇಡ ಅಂದ್ರಲ್ಲ, ಆವತ್ತು ರಾತ್ರಿನೇ ನಾನು ಕಣ್ತುಂಬ ನಿದ್ದೆ ಮಾಡಿದ್ದು.”

ಅವನು ಕಾಗದದ ತಾರೀಖು ನೋಡಿದ. ನಾಲ್ಕು ತಿಂಗಳ ಹಿಂದಿನ ಮೂವತ್ತು, ಆ ತಿಂಗಳ ಕೊನೆಯ ದಿನ. ಹೊತ್ತು, ಸಂಜೆ ನಾಲ್ಕು ಐವತ್ತಾರು.

ಕಾಗದದಲ್ಲಿದ್ದ ಅವಳ ನಂಬರನ್ನು ಒತ್ತಿದ. ಪರದೆಯ ತುಂಬ ಅವಳ ಎದೆ ಬಂತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಬಟಾಣಿಯಷ್ಟು ಬಿಳಿ. ಯಂತ್ರ: ಮತ್ತೆ ಕರೆಸಿ. ಮನುಷ್ಯ: ಅಗತ್ಯವಿಲ್ಲ. ಕಾರಣ: ಹಳೆಯ ಕಲೆ. ಕಾರಣಗಳ ಪಟ್ಟಿಯಲ್ಲಿ ‘ಹಳೆಯ ಕಲೆ’ ಎಲ್ಲಕ್ಕಿಂತ ಮೇಲಿರುತ್ತದೆ, ಬೆರಳಿಗೆ ಬೇಗ ಸಿಗುತ್ತದೆ.

ಅವನು ನೋಡಿದ. ಕಣ್ಣು ಕಿರಿದು ಮಾಡಿ, ಮುಂದಕ್ಕೆ ಬಾಗಿ, ನಿಜವಾಗಿ ನೋಡಿದ. ಹಳೆಯದೋ ಹೊಸದೋ ಗೊತ್ತಾಗಲಿಲ್ಲ. ಒಂದು ಕಾಲದಲ್ಲಿ ಇಂಥ ಕಲೆಯ ಅಂಚು ನೋಡಿಯೇ ಹೇಳಿಬಿಡುತ್ತಿದ್ದ. ಗೆಳೆಯರು ಅವನನ್ನು ಹದ್ದಿನ ಕಣ್ಣು ಅಂತ ರೇಗಿಸುತ್ತಿದ್ದರು. ಆ ಕಣ್ಣು ಯಾವಾಗ ಹೋಯಿತೋ, ಅವನಿಗೇ ತಿಳಿಯದು.

ಅವಳು ಕೆಮ್ಮಿದಳು.

“ಎಷ್ಟು ದಿನದಿಂದ ಕೆಮ್ಮು?”

“ಅಯ್ಯೋ, ಅದು ಬಟ್ಟೆ ಧೂಳು ಸಾರ್. ಟೈಲರಿಂಗ್ ಅಲ್ವಾ.”

“ತೂಕ ಇಳಿದಿದೆಯಾ?”

“ತೂಕ ಯಾರು ನೋಡಿದ್ರು? ನನ್ನ ಅಂಗೀನ ಎರಡು ಸಲ ಒಳಗೆ ಹಿಡಿದು ಹೊಲ್ಕೊಂಡೆ.” ನಕ್ಕಳು. “ಮಗಳು ಒಂದೇ ಸಮ ತಲೆ ತಿಂತಾಳೆ, ಇನ್ನೊಂದ್ಸಲ ತೋರ್ಸಮ್ಮ ಅಂತ. ನಾನೇ ಬೈದೆ. ಮಿಷನ್ ಅಲ್ಲ ಕಣೇ, ಮನುಷ್ಯರು ನೋಡಿ ಹೇಳಿದಾರೆ ಅಂದೆ.”

ಎರಡು ಸಲ ಒಳಗೆ ಹಿಡಿದ ಅಂಗಿಯನ್ನು ನೋಡದಿರಲು ಅವನು ಕಿಟಕಿಯ ಕಡೆ ತಿರುಗಿದ.

ಹಳೆಯ ತೀರ್ಪನ್ನು ಬದಲಿಸಬೇಕಾದರೆ ಆವತ್ತು ಯಾಕೆ ಒಪ್ಪಲಿಲ್ಲ ಅನ್ನುವುದನ್ನು ಸ್ವಂತ ಮಾತಿನಲ್ಲಿ ಬರೆದು ಸಹಿ ಹಾಕಬೇಕು. ಏನಂತ ಬರೆಯುವುದು? ಒಂದು ಕಡಿಮೆ ಇತ್ತು ಅಂತಲೇ? ಬರೆದರೆ ಅವನ ಕುರ್ಚಿ ಹೋಗುತ್ತದೆ, ಹೋಗಲಿ. ಆದರೆ ಆಮೇಲೆ ಎಲ್ಲರ ಕಡತಗಳನ್ನೂ ಕೆದಕುತ್ತಾರೆ. ಮನುಷ್ಯನಿಗೆ ಈ ಅಧಿಕಾರ ಯಾಕೆ, ಯಂತ್ರಕ್ಕೇ ಬಿಡಿ ಅನ್ನುತ್ತಾರೆ. ಹನ್ನೆರಡು ವರ್ಷದ ಹಿಂದೆ ಗೆದ್ದದ್ದು ಒಂದೇ ದಿನದಲ್ಲಿ ಮಣ್ಣುಪಾಲು. ಒಬ್ಬಳಿಗಾಗಿ ಇಷ್ಟು ದೊಡ್ಡದನ್ನು ಕಳೆದುಕೊಳ್ಳಬಹುದೇ? ಯೋಚನೆ ಎಷ್ಟು ಉದಾತ್ತವಾಗಿ ಬಂತೆಂದರೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಇನ್ನೊಂದು ಸಲ ಫೋಟೋ ತೆಗೆಸಿಬಿಡಿ,” ಅಂದ.

“ಯಾಕೆ ಸಾರ್?”

“ಸುಮ್ನೆ. ಒಳ್ಳೇದು.”

ಅವಳು ಪರದೆಯ ಕಡೆ ನೋಡಿದಳು. “ಮಿಷನ್ ಹೇಳ್ತಾ ಇದೆಯಾ?”

“ಹೂಂ,” ಅಂದ. ಅಷ್ಟು ಸಲೀಸಾಗಿ ಬಂತು ಮಾತು.

“ಹಾಗಾದ್ರೆ ಬಿಡಿ ಸಾರ್. ಅದು ಆವತ್ತೂ ಹಾಗೇ ಹೇಳಿತ್ತು.” ನಿಶ್ಚಿಂತೆಯಿಂದ ಕಾಗದ ಮಡಚಿದಳು. ಮಡಚುವಾಗ ಅವಳ ಕಣ್ಣು ಅವನ ಬಿಳಿ ಕೋಟಿನ ಬಲತೋಳಿನ ಮೇಲೆ ಬಿತ್ತು. ಮಣಿಕಟ್ಟಿನ ಬಳಿ ಹೊಲಿಗೆ ಬಿಚ್ಚಿ ಬಟ್ಟೆ ಜೋತಾಡುತ್ತಿತ್ತು. “ಏನ್ ಸಾರ್ ಇದು! ಮನೇಲಿ ಯಾರೂ ನೋಡಲ್ವಾ? ಕೊಡಿ ಇಲ್ಲಿ.”

“ಬೇಡ, ಬೇಡ...”

“ಎರಡು ನಿಮಿಷ. ನನ್ನ ಕೈಲಿ ಇನ್ನೇನ್ ಕೊಡಕ್ಕಾಗುತ್ತೆ ನಿಮಗೆ?”

ಕುರ್ಚಿಯ ಪಕ್ಕ ಮೊಣಕಾಲೂರಿ ಕೂತು ತೋಳನ್ನು ಹಿಡಿದುಕೊಂಡಳು. ಚೀಲದಿಂದ ಸೂಜಿ ತೆಗೆದು, ಒಂದೇ ಸಲಕ್ಕೆ ದಾರ ಪೋಣಿಸಿದಳು. ಕಣ್ಣು ಚೆನ್ನಾಗಿತ್ತು ಅವಳದು. ಅವನ ಕೈಯನ್ನು ಯಾರಾದರೂ ಹೀಗೆ ಹಿಡಿದು ಎಷ್ಟು ಕಾಲವಾಗಿತ್ತೋ. ಬೆರಳುಗಳು ಬಿಸಿಯಾಗಿದ್ದವು, ಜ್ವರವಿರಬಹುದು.

“ಒಂದು ಮಾತು ಸಾರ್,” ಅಂದಳು, ತಲೆ ಎತ್ತದೆ. “ಮಿಷನ್ ಹೇಳಿದ್ರೆ ನಾನು ಬರಲ್ಲ. ನೀವು ಹೇಳಿದ್ರೆ ನಾಳೆನೇ ಬಂದು ತೆಗೆಸ್ತೀನಿ. ನೀವು ಹೇಳ್ತೀರಾ?”

ಅವನು ಬಾಯಿ ತೆರೆದ. ನಾನೇ ಹೇಳ್ತೀನಿ ಅಂದರೆ, ಆವತ್ತು ಹೇಳಿದವರು ಯಾರು ಸಾರ್ ಅಂತ ಅವಳು ಕೇಳಿಯೇ ಕೇಳುತ್ತಾಳೆ.

ಗಾಜಿನ ಹಲಗೆ ಹಸಿರಾಗಿ ಮಿನುಗತೊಡಗಿತು. ಕೈ ಆ ಕಡೆ ಎಳೆಯಿತು.

“ಅಲುಗಾಡ್ಬೇಡಿ ಸಾರ್, ಚುಚ್ಚುತ್ತೆ.”

ಅವಳಿಗೆ ಕೆಮ್ಮು ಬಂತು. ಮುಖವನ್ನು ಭುಜಕ್ಕೆ ಒತ್ತಿಕೊಂಡು ಕೆಮ್ಮಿದಳು, ತೋಳು ಮಾತ್ರ ಬಿಡಲಿಲ್ಲ. ಬಹಳ ಹೊತ್ತು ಕೆಮ್ಮಿದಳು. ಅವನು ಎಡಗೈಯನ್ನು ಹಲಗೆಯ ಮೇಲೆ ಊರಿದ. ಅದು ಮಿನುಗುತ್ತಲೇ ಇತ್ತು.

“ಹೇಳಿ ಸಾರ್,” ಅಂದಳು, ದಾರವನ್ನು ಹಲ್ಲಿನಿಂದ ಕಚ್ಚಲು ಬಾಗುತ್ತಾ. ಅವಳ ಉಸಿರು ಮಣಿಕಟ್ಟಿಗೆ ತಾಗಿತು.

ಹಸಿರು ಆರಿತು. ಪರದೆಯಲ್ಲಿ ಇನ್ನೂ ಅವಳ ಎದೆಯೇ ಇತ್ತು. ಪಕ್ಕೆಲುಬುಗಳ ಮೇಲೆ, ಆ ಬಿಳಿ ಚುಕ್ಕೆಯ ಸ್ವಲ್ಪ ಕೆಳಗೆ, ಅಕ್ಷರಗಳು ಒಂದೊಂದಾಗಿ ಮೂಡಿದವು:

ಕುರ್ಚಿಯಲ್ಲಿ ಮನುಷ್ಯರಿಲ್ಲ. ಕಾಯಲಾಗುತ್ತಿದೆ.