ಅಲ್ಲಾಲರು ಬರೆದಿಟ್ಟ ಬೆಲೆ

ಅಲ್ಲಾಲರ ಶವಕ್ಕೆ ಕೊನೆಯ ಸ್ನಾನ ಮಾಡಿಸಿದವರು ಹೊರಬಂದು ಅವರ ನಿಲುವಂಗಿಯನ್ನು ಮಗಳು ಬತೂಲಳ ಕೈಗಿಟ್ಟರು. ಜೇಬಿನಲ್ಲಿ ಜಪಮಣಿ, ಜೊತೆಗೆ ಮಡಿಸಿದ ಒಂದು ಚೀಟಿ. ಬಿಚ್ಚುವಷ್ಟರಲ್ಲಿ ದಲ್ಲಾಳಿ ಬೂಶ್ತಾ ಬಾಗಿಲಲ್ಲಿದ್ದ.

“ದೇವರು ನಿನಗೆ ತಾಳ್ಮೆ ಕೊಡಲಿ, ಲಲ್ಲಾ ಬತೂಲ್,” ಎಂದವನು ದನಿ ತಗ್ಗಿಸಿದ. “ಇವತ್ತು ಆಡೋ ಮಾತಲ್ಲ. ಆದ್ರೆ ಓಣಿ ಮೂಲೆಯ ಮನೆಗೆ ಕಸಬ್ಲಾಂಕಾದವರು ಹತ್ತು ಲಕ್ಷ ದಿರ್ಹಮ್ ಅಂದಿದ್ದಾರೆ. ನೀನು ಹತ್ತೂವರೆ ಅಂದ್ರೆ ನಿಂದು. ಇಳಿಹೊತ್ತಿನ ಅಸರ್ ನಮಾಜಿನವರೆಗೆ ತಡೀತೀನಿ.”

“ನಿನ್ನ ಚಪ್ಪಲಿ ಸವೆಯೋದು ಸಂತಾಪ ಹೇಳೋಕಲ್ಲ ಬಿಡು,” ಎಂದಳು ಸೋದರತ್ತೆ ತಾಮು.

“ಕೊಳ್ಳೋರು ಕಾಯಲ್ಲ, ತಾಯಿ. ನಾನೇನು ಮಾಡ್ಲಿ?”

ಬತೂಲಳ ಇಪ್ಪತ್ತು ವರ್ಷದ ಕಸೂತಿ ದುಡಿಮೆ, ಅಮ್ಮನ ಬಂಗಾರ, ಮೇಲೊಂದು ಬ್ಯಾಂಕಿನ ಸಾಲ ಸೇರಿದರೆ ಹತ್ತೂವರೆ ಆಗುತ್ತಿತ್ತು. ಆ ಮನೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟರೆ ಅವಳ ಮುಪ್ಪು ಸಾಗೀತು. ಕೈತಪ್ಪಿದರೆ ಫೆಸ್ ಊರಿನ ಕೋಟೆಯೊಳಗೆ ಅಂಥದ್ದು ಇನ್ನು ಅವಳ ಕೈಗೆ ಎಟುಕದು.

ಚೀಟಿ ಬಿಚ್ಚಿದಳು. ಅಪ್ಪನ ಸೊಟ್ಟ ಅಕ್ಷರ: ಮೂಲೆ ಮನೆ. ಎಂಟು ಲಕ್ಷ.

*

ಅಲ್ಲಾಲರು ನಲವತ್ತು ವರ್ಷ ಗೋಡೆಗೆ ಗಾರೆ ಮಾಡಿದವರು. ಮನೆ ಕೊಳ್ಳುವವರು ಮೊದಲು ಅವರನ್ನು ಕರೆದೊಯ್ಯುತ್ತಿದ್ದರು. ಬೆರಳು ಮಡಿಸಿ ಗೋಡೆ ತಟ್ಟುವರು, ಕಿವಿಯಿಟ್ಟು ಆಲಿಸುವರು. ಅಲ್ಲಿ ಏನೂ ಹೇಳರು. ಮನೆಗೆ ಬಂದು, ಕೈಕಾಲು ಮುಖ ತೊಳೆದು ವುಜೂ ಮಾಡಿ, ನಮಾಜು ಮುಗಿಸಿಯೇ ಬೆಲೆ ಬರೆಯುವರು.

“ಬೇರೆಯವರ ಬೆಲೆ ಕಿವಿಗೆ ಬೀಳೋ ಮೊದಲೇ ನಿನ್ನದು ಬರೆದಿಡು, ಮಗಳೇ. ಆಮೇಲೆ ಬರೆಯೋದು ನೀನಲ್ಲ, ನಿನ್ನ ಹೊಟ್ಟೆಕಿಚ್ಚು.”

ಕಳೆದ ಗುರುವಾರ ಮೂಲೆ ಮನೆ ನೋಡಿ ಬಂದಾಗ ಅವಳು ಕೇಳಿದ್ದಳು, “ಎಷ್ಟು, ಅಬ್ಬಾ?”

“ಮೊದಲು ನೀನು ಬರಿ. ಆಮೇಲೆ ನಂದು ತೋರಿಸ್ತೀನಿ.”

ಅವಳು ಬರೆಯಲಿಲ್ಲ. ಮರುದಿನ ಅವರು ಹಾಸಿಗೆ ಹಿಡಿದರು.

*

ಬಿಸಿಲು ನೆತ್ತಿಗೇರುವ ಹೊತ್ತಿಗೆ ಗಂಡಸರು ಜನಾಜಾದ ಚಟ್ಟ ಎತ್ತಿದರು. ಹೆಂಗಸರು ಹೊಸ್ತಿಲಲ್ಲಿ ನಿಂತರು. ಬೂಶ್ತಾ ಬತೂಲಳ ಕೈಯಲ್ಲಿದ್ದ ಚೀಟಿಯ ಮೇಲೆ ಕಣ್ಣಾಡಿಸಿದ.

“ಕಾಯಿಲೆ ಮನುಷ್ಯ ಬರೆದದ್ದು, ಲಲ್ಲಾ. ಈಗ ಎಂಟಕ್ಕೆ ಅದರ ಬಾಗಿಲೂ ಬರಲ್ಲ. ಹೂಂ ಅನ್ನು, ನಾನೂ ಹೋಗಿ ಹೆಗಲು ಕೊಡ್ತೀನಿ.”

ಹೂಂ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಚೀಟಿಯನ್ನು ಮತ್ತೊಮ್ಮೆ ನೋಡಿದಳು.

“ಯೋಚನೆ ಮಾಡ್ತಿರು,” ಎಂದು ಅವನು ಓಡಿ ಹೋಗಿ ಹೆಗಲು ಕೊಟ್ಟ.

ಮೂಲೆಯಲ್ಲಿ ಓಣಿ ಇಕ್ಕಟ್ಟು. ಹೊತ್ತವರು ಚಟ್ಟವನ್ನು ಓರೆ ಮಾಡಿ ತಿರುಗಿಸಿದರು. ಅದರ ಹಿಡಿಗೋಲಿನ ತುದಿ ಆ ಮನೆಯ ಹೊಸ ಸುಣ್ಣದ ಗೋಡೆಗೆ ತಗುಲಿತು. ಒಮ್ಮೆ, ಮತ್ತೊಮ್ಮೆ. ಖಾಲಿ ಗಡಿಗೆ ತಟ್ಟಿದ ಸದ್ದು.

ತಟ್ಟೆಯಗಲ ಗಾರೆ ಕಳಚಿ ಬಿತ್ತು. ಬೂಶ್ತಾ ತೋಳಿನ ಬಿಳಿ ಪುಡಿ ಕೊಡವಿಕೊಂಡು ಹಿಂದೆ ನೋಡದೆ ನಡೆದ.

ಕಲಿಮಾ ಪಠಿಸುತ್ತಾ ಹೋದವರ ದನಿ ದೂರವಾಯಿತು. ಬತೂಲ್ ಚೀಟಿಯನ್ನು ಮೊದಲಿನಂತೆ ಮಡಿಸಿದಳು. ಮೂಲೆಯಲ್ಲಿ, ಗೋಡೆಯ ಆ ತೂತಿನಿಂದ, ಕಪ್ಪಗೆ ನೆನೆದ ಮಣ್ಣು ಇನ್ನೂ ಸಣ್ಣಗೆ ಉದುರುತ್ತಿತ್ತು.