ವರ್ನೆಲ್ ಸಮುದ್ರದ ಮೇಲೆ ಮದುವೆಗೆ ಹೋದದ್ದು

ನನ್ನ ತಂಗಿ ಯುಫೆಮಿಯ ಮಗಳು ವರ್ನೆಲ್‌ಳ ಮದುವೆಯ ದಿನ ಬೆಳಿಗ್ಗೆ ನಾನು ಕೇಕಿನ ಮೇಲೆ ಕೊನೆಯ ಸಕ್ಕರೆ ಹೂವು ಕೂರಿಸುತ್ತಿದ್ದಾಗ, ಬೀದಿಯಲ್ಲಿ ಯಾರೋ ಗುಡ್ಡ ಜಾರಿದೆ ಎಂದು ಕೂಗಿಕೊಂಡು ಹೋದರು. ನಾನು ನಂಬಲಿಲ್ಲ. ಮದುವೆಮನೆಯ ಹೆಂಗಸರನ್ನು ಗಾಬರಿಪಡಿಸುವುದು ನಮ್ಮೂರು ಕನಾರಿಯ ಗಂಡಸರಿಗೊಂದು ಆಟ. ಆದರೆ ಸ್ವಲ್ಪ ಹೊತ್ತಿಗೆ ನಮ್ಮನ್ನು ಸೂಫ್ರಿಯೇರಿಗೆ ಕರೆದೊಯ್ಯಬೇಕಿದ್ದ ವ್ಯಾನಿನ ಚಾಲಕನೇ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದು ಬಾಗಿಲಲ್ಲಿ ನಿಂತ.

"ಓಡಿಲಿಯಕ್ಕ, ಎರಡನೇ ತಿರುವಿನ ಹತ್ರ ಗುಡ್ಡ ಬಿದಿರುಮೆಳೆ ಸಮೇತ ಕೆಳಗಿಳಿದುಬಿಟ್ಟಿದೆ. ಇವತ್ತು ಆಡೂ ದಾಟಲ್ಲ."

ನಮ್ಮೂರಿನ ಚರ್ಚಿನ ಮಾಡಿಗೆ ಹೊಸ ತಗಡು ಹಾಕುತ್ತಿದ್ದರಿಂದ ಮದುವೆಯನ್ನು ಹುಡುಗನ ಊರಾದ ಸೂಫ್ರಿಯೇರಿನಲ್ಲೇ ಇಟ್ಟುಕೊಂಡಿದ್ದೆವು. ಅದು ಬೆಟ್ಟದ ಆಚೆ ಮಗ್ಗುಲಿನ ಊರು. ರಸ್ತೆಯಿಲ್ಲವೆಂದರೆ ಉಳಿದದ್ದು ಸಮುದ್ರ. ಆದರೆ ಊರಿನ ಮೀನುದೋಣಿಗಳೆಲ್ಲ ನಸುಕಿನಲ್ಲೇ ಹೊರಟುಹೋಗಿದ್ದವು. ದಡದಲ್ಲಿದ್ದದ್ದು ತಳ ಒಡೆದ ಎರಡು ದೋಣಿ. ಅವುಗಳಲ್ಲಿ ಕೋಳಿಗಳು ಮಲಗುತ್ತವೆ.

ಯುಫೆಮಿ ತನ್ನ ನೇರಳೆ ಬಣ್ಣದ ರೇಷ್ಮೆ ಗೌನು ತೊಟ್ಟು, ಗರಿಯಿಟ್ಟ ಹೊಸ ಟೋಪಿಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಗಂಡ ಬಿಟ್ಟುಹೋದ ಮೇಲೆ ಬೆಳಿಗ್ಗೆ ಮೀನು ಮಾರಿ, ಸಂಜೆ ಬೇರೆಯವರ ಬಟ್ಟೆ ಒಗೆದು ಮಗಳನ್ನು ಬೆಳೆಸಿದವಳು. ತಾನೇ ಮಗಳ ತೋಳು ಹಿಡಿದು ಚರ್ಚಿನೊಳಗೆ ನಡೆಸಿಕೊಂಡು ಹೋಗುತ್ತೇನೆಂದು ಪಾದ್ರಿಯ ಹತ್ತಿರ ಜಗಳವಾಡಿ ಒಪ್ಪಿಸಿದ್ದಳು. ಈಗ ಟೋಪಿಯ ಗರಿಯನ್ನು ನೇವರಿಸುತ್ತ ಕೂತಿದ್ದಳು.

ಆಗ ಕೊಲ್ಲಿಯ ಕಡೆಯಿಂದ ಭೋಂಕಾರ ಕೇಳಿಸಿತು. ಹಿಲಾರಿಯನ್‌ನ ದೋಣಿ. ಹಡಗಿನಲ್ಲಿ ಬಂದ ಪ್ರವಾಸಿಗರನ್ನು ಅವನು ದಿನಾ ಕಾಸ್ಟ್ರೀಸಿನ ಬಂದರಿನಿಂದ ಕರಾವಳಿಯುದ್ದಕ್ಕೂ ಸುತ್ತಿಸುತ್ತಾನೆ. ನಮ್ಮೂರ ಕಟ್ಟೆಗೆ ದೋಣಿ ತಾಗಿಸಿ, ಎಲ್ಲರಿಗೂ ಎಳನೀರು ಕುಡಿಸಿ, ಇದು ಹಳೇಕಾಲದ ಮೀನುಗಾರರ ಊರು ಎಂದು ತೋರಿಸಿ ಮುಂದೆ ಹೋಗುತ್ತಾನೆ. ಅವನು ನಮ್ಮ ಬೀದಿಯಲ್ಲೇ ಹುಟ್ಟಿ ಬೆಳೆದವನು.

ವರ್ನೆಲ್ ಬಿಳಿ ಗೌನನ್ನು ಎರಡೂ ಕೈಯಲ್ಲಿ ಎತ್ತಿಹಿಡಿದು ಓಡಿಬಂದಳು. "ಅಮ್ಮಾ, ಹಿಲಾರಿಯನ್ ಮಾವನ್ನ ಕೇಳು!"

"ಕೇಳಲ್ಲ," ಎಂದಳು ಯುಫೆಮಿ.

ಕಾರಣ ಊರಿಗೆಲ್ಲ ಗೊತ್ತಿತ್ತು. ಹಿಂದಿನ ಈಸ್ಟರ್ ಹೊತ್ತಿಗೆ, ಅವಳು ತಂತಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ಹಿಲಾರಿಯನ್‌ನ ದೋಣಿಯ ಪ್ರವಾಸಿಗರೆಲ್ಲ ಎದ್ದುನಿಂತು ಫೋಟೋ ತೆಗೆದಿದ್ದರು. ಯುಫೆಮಿ ಮೀನು ತೊಳೆದ ನೀರಿನ ಬಕೆಟ್ ಎತ್ತಿಕೊಂಡು ಕಟ್ಟೆಗೆ ಹೋಗಿ ಅಷ್ಟನ್ನೂ ಎರಚಿದ್ದಳು. ಪ್ರವಾಸಿಗರು ತಪ್ಪಿಸಿಕೊಂಡರು, ಪೂರಾ ನೆನೆದವನು ಹಿಲಾರಿಯನ್ ಒಬ್ಬನೇ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ಅಕ್ಕಾ, ನೀನು ಹೋಗಿ ಕೇಳು," ಎಂದಳು ನನಗೆ.

"ಮಗಳು ನಿಂದು, ಬಾಯಿ ಮಾತ್ರ ನಂದಾ? ಏಳು ಮೇಲೆ."

ನಾನು ಕೇಕಿನ ಪೆಟ್ಟಿಗೆ ಹೊತ್ತುಕೊಂಡೇ ಹೊರಟೆ. ಹಿಂದೆ ವರ್ನೆಲ್, ಅವಳ ಹಿಂದೆ ಅರ್ಧ ಬೀದಿ. ಯುಫೆಮಿಗೂ ಬರದೆ ಗತಿಯಿರಲಿಲ್ಲ.

ಹಿಲಾರಿಯನ್ ಹಗ್ಗ ಕಟ್ಟುತ್ತಿದ್ದವನು ತಲೆಯೆತ್ತಿ ನೋಡಿದ. ರೇಷ್ಮೆ ನೋಡಿದ, ಗರಿ ನೋಡಿದ. "ಏನು ಯುಫೆಮಿ, ಇವತ್ತು ಬಕೆಟ್ ತಂದಿಲ್ವಾ?"

"ತಂದಿದ್ರೆ ನಿನ್ನ ಕಣ್ಣಿಗೆ ಬೀಳ್ತಿರ್ಲಿಲ್ಲ, ತಲೆಗೆ ಬೀಳ್ತಿತ್ತು," ಎಂದವಳ ತುಟಿ ಅಲ್ಲಿಗೇ ಅದುರಿತು. "ಹಿಲಾರಿಯನ್, ರಸ್ತೆ ಕುಸಿದಿದೆ. ನನ್ನ ಮಗಳನ್ನ ದಾಟಿಸಿಕೊಡೋ."

ಅವನು ಮತ್ತೆ ತಮಾಷೆ ಮಾಡಲಿಲ್ಲ. ದೋಣಿಯೊಳಗೆ ತಿರುಗಿ ಪ್ರವಾಸಿಗರಿಗೆ ವಿಷಯ ಹೇಳಿದ. ಅವರೆಲ್ಲ ಚಪ್ಪಾಳೆ ತಟ್ಟಿ ಸರಿದು ಕೂತು ಜಾಗ ಮಾಡಿದರು. ಒಬ್ಬ ಮಾತ್ರ, ಬಿಳಿ ಬಟ್ಟೆಟೋಪಿಯ ಉದ್ದನೆಯ ಮುದುಕ, ಕೈಯೆತ್ತಿದ.

"ಮದುವೆ ಒಳ್ಳೇದೇ. ಆದ್ರೆ ಬಾವಲಿ ಗುಹೆ ತೋರಿಸ್ತೀನಿ ಅಂದಿದ್ರಿ. ನಾನು ಬಂದಿರೋದೇ ಅದಕ್ಕೆ. ಅದು ತಪ್ಪಬಾರದು."

ಪಕ್ಕದಲ್ಲಿದ್ದ ಅವನ ಹೆಂಡತಿ ಮೊಣಕೈಯಲ್ಲಿ ತಿವಿದಳು. ಯುಫೆಮಿಯ ಮೂಗಿನ ಹೊಳ್ಳೆ ಅರಳಿತು. ನಾನು ಅವಳ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ವರ್ನೆಲ್ಲೇ ಹೇಳಿದಳು, "ಗುಹೆ ದಾರೀಲೇ ತಾನೇ ಇರೋದು? ನೋಡ್ಕೊಂಡೇ ಹೋಗೋಣ. ನಾನೂ ನೋಡಿಲ್ಲ."

ಹೀಗೆ ನಾವು ಹೊರಟೆವು. ಕೇಕು ನನ್ನ ತೊಡೆಯ ಮೇಲೆ. ತಿಂಗಳುಗಟ್ಟಲೆ ರಮ್ಮಿನಲ್ಲಿ ನೆನೆದ ಹಣ್ಣಿನ ಕರಿ ಕೇಕು; ಪೆಟ್ಟಿಗೆಯ ಸಂದಿನಿಂದ ಬರುತ್ತಿದ್ದ ವಾಸನೆಗೆ ಸುತ್ತ ಕೂತವರೆಲ್ಲ ನನ್ನ ಸ್ನೇಹಿತರಾದರು. ವರ್ನೆಲ್‌ಳ ಗೌನು ಕೆಳಗೆ ತಾಗದಂತೆ ನಾಲ್ಕಾರು ಜನ ಪ್ರವಾಸಿ ಹೆಂಗಸರು ಒಂದೊಂದು ತುದಿ ಹಿಡಿದು ಕೂತರು.

ಕೊಲ್ಲಿಯ ಬಾಯಿ ದಾಟುವಾಗ ಹಿಲಾರಿಯನ್ ಎಂಜಿನ್ ಸದ್ದು ತಗ್ಗಿಸಿದ. "ಇಲ್ಲಿಂದ ಒಂದ್ಸಲ ಹಿಂದೆ ತಿರುಗಿ ನೋಡಿ," ಎಂದ, ದಿನಾ ಹೇಳುವ ಹಾಗೆ. ಎಲ್ಲರೂ ತಿರುಗಿದರು. ನಾವೂ ತಿರುಗಿದೆವು.

ಮನೆಯ ಮುಂದೆ ನಿಂತು ನಾವು ಸಮುದ್ರ ನೋಡಿದ್ದೆಷ್ಟೋ ಸಲ. ಸಮುದ್ರದಿಂದ ಮನೆ ನೋಡಿದ್ದು ಅದೇ ಮೊದಲು. ನಮ್ಮಲ್ಲಿ ದೋಣಿ ಹತ್ತುವವರು ಗಂಡಸರು, ಮೀನು ಇಳಿಸಿಕೊಳ್ಳುವವರು ನಾವು. ಹಸಿರು ಬೆಟ್ಟ ಊರನ್ನು ಮಡಿಲಲ್ಲಿ ಹಾಕಿಕೊಂಡು ಕೂತಿತ್ತು. ಕೆಂಪು ಮಾಡು, ಹಳದಿ ಗೋಡೆ, ಹೊಳೆ ಸಮುದ್ರ ಸೇರುವಲ್ಲಿ ಒಂದು ಕಂದು ಗೆರೆ, ಅದರ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ನೀಲಿ ಮನೆ. ಮನೆಯ ಮುಂದೆ ತಂತಿಯ ಮೇಲೆ ಬಣ್ಣಬಣ್ಣದ ಬಟ್ಟೆಗಳು ಗಾಳಿಗೆ ಕುಣಿಯುತ್ತಿದ್ದವು.

"ಅಕ್ಕಾ," ಎಂದಳು ಯುಫೆಮಿ ಮೆಲ್ಲಗೆ. "ಅದು ನಮ್ಮನೇನಾ?"

"ಮತ್ತೆ ಇನ್ಯಾರದ್ದು? ಗಡಿಬಿಡೀಲಿ ಬಟ್ಟೆ ತೆಗೆಯೋದೂ ಮರೆತಿದ್ದೀಯ."

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಚುಕ್ಕಾಣಿಯ ಕಡೆ ತಿರುಗಿ, "ದಿನಾ ಹೀಗೇ ಕಾಣುತ್ತೇನೋ?" ಎಂದಳು.

"ಮಳೆ ಬಂದ ಮಾರನೇ ದಿನ ಇನ್ನೂ ಚೆನ್ನಾಗಿ ಕಾಣುತ್ತೆ," ಎಂದ ಹಿಲಾರಿಯನ್. "ನೀನು ಬಟ್ಟೆ ಒಣಹಾಕದ ದಿನ ನನಗೆ ತೋರಿಸೋಕೆ ಏನೂ ಇರಲ್ಲ."

"ಹಾಗಂತ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಬಾಯಿ ತುಂಬ ಮೀನುನೀರಿತ್ತು, ತಾಯಿ."

ಯುಫೆಮಿ ನಗು ತಡೆಯಲು ಟೋಪಿಯ ಅಂಚನ್ನು ಕಚ್ಚಿಕೊಂಡಳು. ಕೊನೆಗೆ ತಡೆಯಲಾಗಲಿಲ್ಲ. ಅವಳು ನಕ್ಕರೆ ಮೀನುಪೇಟೆಯ ಆಚೆ ತುದಿಗೂ ಕೇಳಿಸುತ್ತದೆ. ಪ್ರವಾಸಿಗರು ಏನೆಂದು ತಿಳಿಯದೆ ತಾವೂ ನಕ್ಕರು.

ಬಾವಲಿ ಗುಹೆ ಎಂದರೆ ಕಡಿದಾದ ಬಂಡೆಯಲ್ಲಿ ನೆತ್ತಿಯಿಂದ ನೀರಿನವರೆಗೆ ಸೀಳಿದ ಒಂದು ಬಿರುಕು. ಹಿಲಾರಿಯನ್ ದೋಣಿಯ ಮೂತಿಯನ್ನು ಅದರ ಬಾಯಿಗೇ ಒಯ್ದು ನಿಲ್ಲಿಸಿದ. ಒಳಗಿನ ಕತ್ತಲಲ್ಲಿ ಸಾವಿರಾರು ಬಾವಲಿಗಳು ತಲೆಕೆಳಗಾಗಿ ನೇತಾಡುತ್ತ ಕಿಚಿಕಿಚಿ ಎನ್ನುತ್ತಿದ್ದವು. ಮುದುಕ ಎದ್ದುನಿಂತು ಮಗುವಿನ ಹಾಗೆ ಬಾಯಿ ತೆರೆದ. ಆ ಸಡಗರದಲ್ಲಿ ಜೋರಾಗಿ ಒಂದು ಚಪ್ಪಾಳೆ ತಟ್ಟಿಬಿಟ್ಟ.

ಬಾವಲಿಗಳೆಲ್ಲ ಒಮ್ಮೆಗೇ ಎದ್ದವು. ಕರಿ ಕೊಡೆಯೊಂದು ಬಿಚ್ಚಿದ ಹಾಗೆ ನಮ್ಮ ತಲೆಯ ಮೇಲೆ ಹಾದುಹೋದವು. ಪ್ರವಾಸಿ ಹೆಂಗಸರು ಕಿರುಚಿಕೊಂಡು ವರ್ನೆಲ್‌ಳ ಮೇಲೆ ಒಂದು ದೊಡ್ಡ ಟವೆಲ್ ಹೊದಿಸಿದರು. ನಾನು ಕೇಕಿನ ಮೇಲೆ ಬೋರಲು ಬಿದ್ದೆ. ಹಾಗಾಗಿ ಮದುಮಗಳೂ ಉಳಿದಳು, ಕೇಕೂ ಉಳಿಯಿತು. ಉಳಿಯದೆ ಹೋದದ್ದು ಯುಫೆಮಿ ಆಗಷ್ಟೇ ತಲೆಗಿಟ್ಟುಕೊಂಡಿದ್ದ ಹೊಸ ಟೋಪಿ. ಗರಿಯಿಂದ ಅಂಚಿನವರೆಗೆ ಬಾವಲಿಗಳು ಧಾರಾಳವಾಗಿ ಆಶೀರ್ವಾದ ಮಾಡಿದ್ದವು.

ಯುಫೆಮಿ ಟೋಪಿ ತೆಗೆದು ನೋಡಿದಳು, ಆಮೇಲೆ ಮುದುಕನನ್ನು ನೋಡಿದಳು. ಹಿಲಾರಿಯನ್ ಮೆಲ್ಲಗೆ ಅಲ್ಲಿದ್ದ ಬಕೆಟನ್ನು ಕಾಲಿಂದ ಹಿಂದಕ್ಕೆ ತಳ್ಳಿದ್ದನ್ನು ನಾನು ಕಂಡೆ.

ಮುದುಕ ಕೆಂಪಗಾಗಿದ್ದ. ತನ್ನ ಬಿಳಿ ಟೋಪಿ ತೆಗೆದು, ತಲೆ ಬಗ್ಗಿಸಿ, ಎರಡೂ ಕೈಯಿಂದ ಮುಂದೆ ಹಿಡಿದ. "ಅಮ್ಮಾ, ಇದನ್ನಾದ್ರೂ ತಗೊಳ್ಳಿ. ತಪ್ಪು ನಂದು."

"ಬಾವಲಿ ನೋಡಿದ್ರಾ?" ಎಂದು ಕೇಳಿದಳು ಯುಫೆಮಿ.

"ನೋಡಿದೆ."

"ಚೆನ್ನಾಗಿತ್ತಾ?"

"ತುಂಬಾ."

"ಹಾಗಾದ್ರೆ ಕೊಡಿ," ಎಂದು ಅವಳು ಆ ಟೋಪಿ ತಲೆಗಿಟ್ಟುಕೊಂಡಳು. ಅದರ ಹಣೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅವನ ಹಡಗಿನ ಹೆಸರಿತ್ತು.

ಸೂಫ್ರಿಯೇರಿನ ಕಟ್ಟೆಯ ಮೇಲೆ ಮದುಮಗ ಡೆಲಾನ್ ಒಬ್ಬನೇ ಅತ್ತಿಂದಿತ್ತ ಓಡಾಡುತ್ತಿದ್ದ. ಗುಡ್ಡ ಕುಸಿದ ಸುದ್ದಿ ಕೇಳಿ, ನಡೆದೇ ಬರುತ್ತೇನೆಂದು ಅರ್ಧ ದಾರಿ ಹೋಗಿ, ಅಲ್ಲಿ ನಿಂತಿದ್ದವರು ತಡೆದದ್ದರಿಂದ ವಾಪಸು ಬಂದಿದ್ದನಂತೆ. ಬೂಟುಗಳು ಕೆಸರಿನ ಮುದ್ದೆಯಾಗಿದ್ದವು. ಪ್ರವಾಸಿದೋಣಿಯ ಮೂತಿಯಲ್ಲಿ ಬಿಳಿ ಗೌನು ಕಂಡದ್ದೇ ಅವನು ದೋಣಿ ಕಟ್ಟುವವರೆಗೂ ಕಾಯದೆ ನೀರಿಗೇ ಇಳಿದುಬಿಟ್ಟ.

"ಎಲ್ಲೇ ಹೋಗಿದ್ದೆ? ಜೀವ ಬಾಯಿಗೆ ಬಂದಿತ್ತು!"

"ಬಾವಲಿ ನೋಡೋಕೆ," ಎಂದಳು ವರ್ನೆಲ್. "ನಿನ್ನ ನೋಡೋದು ಇದ್ದೇ ಇದೆಯಲ್ಲ, ಜೀವಮಾನ ಪೂರ್ತಿ."

ಅವನು ಅವಳನ್ನು ಎತ್ತಿಕೊಂಡು ದಡಕ್ಕೆ ತಂದ. ಸೊಂಟದವರೆಗೆ ನೆನೆದ ಮದುಮಗ, ಹಡಗಿನ ಟೋಪಿಯ ತಾಯಿ, ಹಿಂದೆ ಚಡ್ಡಿ ತೊಟ್ಟ ಪ್ರವಾಸಿಗರ ಸಾಲು. ಚರ್ಚಿನಲ್ಲಿ ಪಾದ್ರಿ ಒಮ್ಮೆ ನಮ್ಮನ್ನೆಲ್ಲ ಮೇಲಿಂದ ಕೆಳಗೆ ನೋಡಿ ಪುಸ್ತಕ ತೆರೆದರು. ಯುಫೆಮಿ ಮಗಳ ತೋಳು ಹಿಡಿದು ಬೆಂಚುಗಳ ನಡುವಿನ ದಾರಿಯಲ್ಲಿ ನಡೆಯುವಾಗ, ಡೆಲಾನ್ ಕಡೆಯ ಹೆಂಗಸರು ಆ ಟೋಪಿ ನೋಡಿ ಪಿಸಪಿಸ ಮಾತಾಡಿದರು. ಅವಳು ಕತ್ತು ಒಂದಿಷ್ಟೂ ಬಗ್ಗಿಸಲಿಲ್ಲ. ಬಲಿಪೀಠದ ಹತ್ತಿರ ಮಗಳ ಕೈ ಬಿಡಬೇಕಾದಾಗ ಮಾತ್ರ ಸ್ವಲ್ಪ ತಡ ಮಾಡಿದಳು. ವರ್ನೆಲ್ಲೇ ಬೆರಳು ಬಿಡಿಸಿಕೊಂಡು, ಮತ್ತೆ ಒಮ್ಮೆ ಅಮ್ಮನ ಕೈ ಒತ್ತಿ, ಆ ಕಡೆಗೆ ಹೋದಳು. ನಾನು ಕೇಕಿನ ಪೆಟ್ಟಿಗೆಯ ಮೇಲೆ ಅತ್ತೆ. ಪಕ್ಕದಲ್ಲಿದ್ದ ಮುದುಕನ ಹೆಂಡತಿಯೂ ಅತ್ತಳು.

ಊಟಕ್ಕೆ ಪ್ರವಾಸಿಗರನ್ನು ಬಿಡುವ ಮಾತೇ ಇರಲಿಲ್ಲ. ಸುಟ್ಟ ಜೀಗುಜ್ಜೆ, ಬಾಳೆಕಾಯಿ ಜೊತೆ ಉಪ್ಪುಮೀನು, ಕೋಳಿ, ಆಮೇಲೆ ಕೇಕು. ಹಿಲಾರಿಯನ್ ಮೊದಲು ಅರ್ಧ ಗಂಟೆ ಎಂದ, ಆಮೇಲೆ ಇನ್ನೊಂದು ಹಾಡು ಎಂದ. ಕೊನೆಗೆ ಪ್ರವಾಸಿಗರೇ ಹಡಗು ಬಿಟ್ಟುಹೋದೀತೆಂದು ಹೆದರಿ ಎದ್ದುನಿಂತರೆ, ಅವನು ಪಿಟೀಲು ಬಾರಿಸುವವನ ಮುಂದೆ ಯುಫೆಮಿಯ ಜೊತೆ ಕುಣಿಯುತ್ತಿದ್ದ. ಅವಳೇ ಅವನ ಅಂಗಿ ಹಿಡಿದು ಕಟ್ಟೆಗೆ ಎಳೆದುಕೊಂಡು ಹೋದಳು.

"ಹೋಗೋ, ಜನಾನ ಹಡಗು ಮುಟ್ಟಿಸು ಮೊದ್ಲು! ಕುಣಿಯೋದು ಆಮೇಲೆ!"

"ಆಮೇಲೆ ಅಂದ್ರೆ ಯಾವಾಗ?"

"ಕೇಳೋಕೆ ಬಾಯಿದೆಯಲ್ಲ, ಬಂದು ಕೇಳು."

ದೋಣಿ ದೂರ ಹೋಗುವವರೆಗೂ ಅವಳು ನಿಂತೇ ಇದ್ದಳು. ನಾನೇನೂ ಹೇಳಲಿಲ್ಲ. ಹೇಳಿದ್ದರೆ ನನ್ನನ್ನು ನೀರಿಗೆ ನೂಕುತ್ತಿದ್ದಳು.

ರಸ್ತೆ ಇನ್ನೂ ತೆರೆದಿರಲಿಲ್ಲವಾದ್ದರಿಂದ ಆ ರಾತ್ರಿ ನಾವು ಬೀಗರ ಮನೆಯಲ್ಲೇ ಉಳಿಯಬೇಕಾಯಿತು. ಡೆಲಾನ್‌ನ ಅಜ್ಜಿ ಮಾ ಸಿಡೋನಿ ನಮ್ಮ ಊದಿದ ಕಾಲುಗಳನ್ನು ನೋಡಿ, "ಬನ್ರೇ ನನ್ ಜೊತೆ," ಎಂದು ಸಂಜೆ ಬೆಳಕಿರುವಾಗಲೇ ಹೆಂಗಸರನ್ನೆಲ್ಲ ಬಿಸಿನೀರಿನ ಕೊಳಕ್ಕೆ ಕರೆದುಕೊಂಡು ಹೋದಳು. ದೇಶವಿದೇಶದವರು ಬಂದು ಮೀಯುವ ಕೊಳ ಅದು. ಬೆಟ್ಟದೊಳಗಿನಿಂದ ಹಬೆಯಾಡುತ್ತ ಬರುವ ಬೂದುಬಣ್ಣದ ನೀರು, ಮೂಗು ತುಂಬ ಗಂಧಕದ ವಾಸನೆ. ನಾವು ರೇಷ್ಮೆಯನ್ನು ಮೊಣಕಾಲ ಮೇಲಕ್ಕೆ ಎತ್ತಿಕೊಂಡು ಕಲ್ಲಿನ ಅಂಚಿನಲ್ಲಿ ಸಾಲಾಗಿ ಕೂತು ಕಾಲು ಇಳಿಬಿಟ್ಟೆವು.

"ಅಯ್ಯಪ್ಪಾ," ಎಂದು ಕಣ್ಣು ಮುಚ್ಚಿದಳು ಯುಫೆಮಿ. "ಇಷ್ಟು ಹತ್ರ ಇತ್ತಾ ಇದು?"

"ನಾನು ದಿನಾ ಬರ್ತೀನಿ," ಎಂದಳು ಮಾ ಸಿಡೋನಿ. "ನೀವೇ ಬರ್ಲಿಲ್ಲ."

ಯುಫೆಮಿ ಇನ್ನೂ ಸ್ವಲ್ಪ ಮುಂದಕ್ಕೆ ಸರಿದು ಮೊಣಕಾಲವರೆಗೂ ನೀರಿಗಿಳಿದಳು.